ಪಂಪ್‌ಹೌಸಿನ ಅಣ್ಣ ಮತ್ತು ಒಂದು ಹಳೇ ಸೀಡಿ

ಕಳೆದ ವಾರ ಮಂಡ್ಯದ ನಮ್ಮ ಆಫೀಸಿನಲ್ಲಿ ಹಳೆಯ ಬೀರು ಖಾಲಿ ಮಾಡುತ್ತಿದ್ದಾಗ ತಳದಲ್ಲಿ ಒಂದು ಬೂದುಬಣ್ಣದ ಕೇಬಲ್ಲು ಸಿಕ್ಕಿತು. ಒಂದು ತುದಿಗೆ ಒಂಬತ್ತು ತೂತಿನ ಅಗಲ ಮೂತಿ, ಇನ್ನೊಂದು ತುದಿಗೆ ಯುಎಸ್‌ಬಿ. ಎಸೆಯುವ ಗುಡ್ಡೆಗೆ ಹಾಕಬೇಕೆಂದು ಎತ್ತಿದರೆ ಕೈಗೆ ಗ್ರೀಸು ಅಂಟಿತು. ಗ್ರೀಸಿನ ಜೊತೆಗೆ ಸಣ್ಣಗೆ ತುಕ್ಕುನೀರಿನ ವಾಸನೆ... ಇಷ್ಟು ವರ್ಷವಾದರೂ ಹೋಗಿರಲಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಪಂಪ್‌ಹೌಸಿನ ಅಣ್ಣ ನೆನಪಾದರು. ಬೇಕೆಂದೇ ನಾನು ನೆನಪಿಸಿಕೊಳ್ಳದೆ ಬಿಟ್ಟಿದ್ದ ಮನುಷ್ಯ ಅವರು.

ಆಗ ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ನಮ್ಮದು ಕಂಟ್ರೋಲ್ ಪ್ಯಾನಲ್ ರಿಪೇರಿ ಮಾಡುವ ಸಣ್ಣ ಕಂಪನಿ. ಮದ್ದೂರಿನ ರೈಸ್‌ಮಿಲ್ಲುಗಳಿಗೂ ಹೋಗುತ್ತಿದ್ದೆವು, ಮಳವಳ್ಳಿ ಕಡೆಯ ನೀರಿನ ಪಂಪ್‌ಹೌಸುಗಳಿಗೂ ಹೋಗುತ್ತಿದ್ದೆವು. ಒಂದು ಬೇಸಿಗೆಯ ಬೆಳಿಗ್ಗೆ ಯಜಮಾನರು ಹೊಸ ಲ್ಯಾಪ್‌ಟಾಪನ್ನೂ ಒಂದು ಸೀಡಿಯನ್ನೂ ಕೈಗೆ ಕೊಟ್ಟು, ಮಳವಳ್ಳಿ ತಾಲ್ಲೂಕಿನ ಒಂದು ಪಂಪ್‌ಹೌಸಿಗೆ ಹೋಗಿ ಬಾ ಎಂದರು. ಊರಿನ ಹೆಸರು ಇಲ್ಲಿ ಬೇಡ.

ಅಲ್ಲಿ ಹೊಳೆಯ ನೀರನ್ನು ಎತ್ತಿ ದಿಣ್ಣೆಯ ಮೇಲಿನ ಟ್ಯಾಂಕಿಗೆ ತುಂಬುತ್ತಿದ್ದರು. ಸುತ್ತಲ ಹಳ್ಳಿಗಳೆಲ್ಲ ಕುಡಿಯುವುದು ಆ ನೀರನ್ನೇ. ಪಂಪು ಯಾವಾಗ ಶುರುವಾಗಬೇಕು, ವಾಲ್ವು ಎಷ್ಟು ನಿಧಾನ ತೆರೆಯಬೇಕು, ಎಷ್ಟು ನಿಧಾನ ಮುಚ್ಚಬೇಕು ಎಂದು ಹೇಳುವುದು ಪ್ಯಾನಲ್ಲಿನೊಳಗಿದ್ದ ಪಿಎಲ್‌ಸಿ ಎಂಬ ಪುಟ್ಟ ಪೆಟ್ಟಿಗೆ. ಅದು ಬಹಳ ಹಳೆಯದು. ಅದರ ಪ್ರೋಗ್ರಾಮು ಒಂದು ಬ್ಯಾಟರಿಯ ಬಲದಲ್ಲಿ ಉಳಿದುಕೊಂಡಿರುತ್ತಿತ್ತು. ಬ್ಯಾಟರಿ ಯಾವಾಗಲೋ ಸತ್ತಿತ್ತು, ಕರೆಂಟು ಇರುವ ತನಕ ಅದು ಯಾರಿಗೂ ಗೊತ್ತಾಗಿರಲಿಲ್ಲ. ಲೈನ್ ಕೆಲಸಕ್ಕೆಂದು ಒಂದು ದಿನ ಕರೆಂಟು ತೆಗೆದರು. ಮತ್ತೆ ಬಂದಾಗ ಪೆಟ್ಟಿಗೆಗೆ ಏನೂ ನೆನಪಿರಲಿಲ್ಲ.

ನಾನು ಒಳಗೆ ಹೋದಾಗ ಐವತ್ತು ದಾಟಿದ ಸಣಕಲು ಮನುಷ್ಯರೊಬ್ಬರು ದೊಡ್ಡ ವಾಲ್ವಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಖಾಕಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾನು ಬಾಯಿ ತೆರೆದೆ.

"ತಡಿಯವ್ವ, ಮಾತಾಡುಸ್ಬ್ಯಾಡ. ಮೂವತ್ತೆಂಟು... ಮೂವತ್ತೊಂಬತ್ತು..."

ಎಣಿಕೆ ಮುಗಿದ ಮೇಲೆ ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ನನ್ನನ್ನೂ ನನ್ನ ಬ್ಯಾಗನ್ನೂ ನೋಡಿದರು. "ಕಂಪ್ಯೂಟ್ರು ರಿಪೇರಿಗೆ ನೀನೇಯಾ ಬಂದಿರದು? ಸರಿ, ಮೊದ್ಲು ನೀರು ಕುಡಿ."

ಪೂರಿಗಾಲಿಯಿಂದ ದಿನಾ ಸೈಕಲ್ಲಿನಲ್ಲಿ ಬರುವ ಗುತ್ತಿಗೆ ಆಪರೇಟರು ಅವರು. ಹದಿನೆಂಟು ವರ್ಷದಿಂದ ಅಲ್ಲಿದ್ದರು. ಇನ್ನೊಬ್ಬ ಆಪರೇಟರು ಹೊಸಬ, ಪೆಟ್ಟಿಗೆ ಇಲ್ಲದೆ ಪಂಪು ನಡೆಸಲು ಅವನಿಗೆ ಬರುತ್ತಿರಲಿಲ್ಲ. ಹಾಗಾಗಿ ಇವರು ಮನೆಗೂ ಹೋಗದೆ ಅಲ್ಲೇ ಬೆಂಚಿನ ಮೇಲೆ ಉರುಳಿಕೊಂಡು, ತ್ರೀ ಫೇಸ್ ಕರೆಂಟು ಬಂದಾಗೆಲ್ಲ ಎದ್ದು ಪಂಪು ಹಾಕುತ್ತಿದ್ದರು. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದಿದ್ದವು. ಚಕ್ರವನ್ನು ಬೇಗ ತಿರುಗಿಸಿದರೆ ಏನಾಗುತ್ತದೆ ಎಂದು ಕೇಳಿದೆ.

"ಓಡೋ ನೀರ್‌ನ ದಬಕ್ಕನೆ ತಡುದ್ರೆ ಪೈಪು ಸೀಳೋಯ್ತದೆ ಕಣಮ್ಮ. ನೀರು ಎತ್ತಿನಂಗೆ. ಮೂಗುದಾರ ನಿಧಾನಕ್ಕೆ ಇಡೀಬೇಕು."

ಮೊದಲ ದಿನ ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿದೆ, ಆದರೆ ನನ್ನ ಲ್ಯಾಪ್‌ಟಾಪೇ ಮೊಂಡು ಹಿಡಿಯಿತು. ಆ ಪಿಎಲ್‌ಸಿಯ ಜೊತೆ ಮಾತಾಡಲು ಸೀಡಿಯಲ್ಲಿದ್ದ ಹಳೆಯ ಸಾಫ್ಟ್‌ವೇರೇ ಬೇಕು. ಹೊಸ ವಿಂಡೋಸು ಅದನ್ನು ತೆರೆಯಲೇ ಇಲ್ಲ. ಎಷ್ಟು ಸಲ ಒತ್ತಿದರೂ ಇದು ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಒಂದೇ ಉತ್ತರ. ಸಂಜೆ ಮಂಡ್ಯಕ್ಕೆ ಮರಳಿ, ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಹಳೆಯ ವಿಂಡೋಸಿನ ಇನ್ನೊಂದು ಕಂಪ್ಯೂಟರು ಇದ್ದಂತೆ ಮಾಡಿಕೊಂಡೆ. ಸಾಫ್ಟ್‌ವೇರು ಅದರೊಳಗೆ ತೆರೆದುಕೊಂಡಿತು. ಗೆದ್ದೆ ಅಂದುಕೊಂಡೆ.

ಎರಡನೆಯ ದಿನ ಕೇಬಲ್ಲಿನ ಕಾಟ. ಹಳೆಯ ಪೆಟ್ಟಿಗೆಗೆ ಒಂಬತ್ತು ಪಿನ್ನಿನ ಬಾಯಿ, ನನ್ನ ಲ್ಯಾಪ್‌ಟಾಪಿನಲ್ಲಿ ಅಂಥದ್ದು ಇರಲೇ ಇಲ್ಲ. ನಡುವೆ ಹಾಕಿದ ಯುಎಸ್‌ಬಿ ಕೇಬಲ್ಲನ್ನು ವಿಂಡೋಸು ಗುರುತಿಸುತ್ತಿತ್ತು, ಆದರೆ ಪಕ್ಕದಲ್ಲೇ ಹಳದಿ ಗುರುತು ಹಾಕಿ ಕೈಬಿಡುತ್ತಿತ್ತು. ಕೇಬಲ್ಲನ್ನು ನಡೆಸುವ ಸಣ್ಣ ಸಾಫ್ಟ್‌ವೇರು, ಅಂದರೆ ಡ್ರೈವರು, ಹಳೆಯದೇ ಬೇಕಿತ್ತು. ಅದನ್ನು ಹುಡುಕಿ ಹಾಕಿದರೆ ತಾನೇ ಅಪ್‌ಡೇಟ್ ಆಗಿ ಮತ್ತೆ ಹೊಸದೇ ಬಂದು ಕೂರುತ್ತಿತ್ತು. ಮೊಬೈಲಿನ ನೆಟ್ಟು ಕಿತ್ತು, ಹಳೆಯ ಡ್ರೈವರನ್ನೇ ಮತ್ತೆ ಹಾಕಿದೆ. ಹೊರಗೆ ಗೇಟಿನ ಹತ್ತಿರ ಖಾಲಿ ಬಿಂದಿಗೆ ಹಿಡಿದು ಬಂದಿದ್ದ ಹೆಂಗಸರು ಕೂಗಾಡುತ್ತಿದ್ದರು. ಇಡೀ ದಿನ ಅಣ್ಣ ಒಬ್ಬರೇ ತುಂಬಿಸುತ್ತಿದ್ದ ನೀರು ಅರ್ಧ ಹಳ್ಳಿಗಳಿಗೂ ಸಾಲುತ್ತಿರಲಿಲ್ಲ.

ಮೂರನೆಯ ದಿನ ಯಜಮಾನರ ಫೋನು ಹತ್ತು ನಿಮಿಷಕ್ಕೊಂದು. ಮಧ್ಯಾಹ್ನ ಮೂರಕ್ಕೆ ನೀರಿನ ಇಲಾಖೆಯ ಮೇಲಿನ ಎಂಜಿನಿಯರು ಬರುತ್ತಾರೆ, ಅಷ್ಟರಲ್ಲಿ ಟ್ರಯಲ್ ಆಗಲೇಬೇಕು. ಸೀಡಿಯಲ್ಲಿದ್ದ ಪ್ರೋಗ್ರಾಮಿನ ಪ್ರತಿ ಪೆಟ್ಟಿಗೆಗೆ ಹೋಗುತ್ತಿತ್ತು, ಅರ್ಧ ದಾಟಿದ ಮೇಲೆ ಕಡಿದುಹೋಗುತ್ತಿತ್ತು. ನಾಲ್ಕು ಸಲ ಹಾಗೇ ಆಯಿತು. ಕೊನೆಗೆ ಗೊತ್ತಾಯಿತು, ವಿದ್ಯುತ್ ಉಳಿಸಲೆಂದು ಲ್ಯಾಪ್‌ಟಾಪು ತಾನೇ ಆ ಯುಎಸ್‌ಬಿಯನ್ನು ಮಲಗಿಸುತ್ತಿತ್ತು! ಅದನ್ನು ನಿಲ್ಲಿಸಿ ಐದನೆಯ ಸಲ ಒತ್ತಿದೆ. ಈ ಸಲ ಅರ್ಧ ದಾಟಿಯೂ ಕಡಿಯಲಿಲ್ಲ. ಅಣ್ಣ ಬಂದು ಹಿಂದೆ ನಿಂತರು.

"ಅವ್ವಾ, ಒಂದ್ ಮಾತು. ಆ ಸೀಡಿಲಿರದು ದೊಡ್ಡ್ ಪಂಪು ಕೂರ್ಸುದ್ ಮೇಲ್ ಬರ್ದುದ್ದಾ, ಅದುಕ್ ಮುಂಚೆದಾ?"

"ಎಲ್ಲ ಒಂದೇ ಅಣ್ಣ," ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

ಒಂದೇ ಆಗಿರಲಿಲ್ಲ. ಫೈಲಿನ ತಾರೀಕು ನೋಡಿದ್ದರೆ ಸಾಕಿತ್ತು. ಹಳೆಯ ಪಂಪಿನ ಬದಲು ದೊಡ್ಡ ಪಂಪು ಬಂದಾಗ, ವಾಲ್ವು ನಡುನಡುವೆ ನಿಂತು ಮುಚ್ಚುವಂತೆ ಪ್ರೋಗ್ರಾಮು ತಿದ್ದಿದವನು ತಿದ್ದಿದ್ದನ್ನು ತನ್ನ ಲ್ಯಾಪ್‌ಟಾಪಿನಲ್ಲೇ ಒಯ್ದಿದ್ದ, ನಮ್ಮ ಸೀಡಿಯಲ್ಲಿದ್ದದ್ದು ಅದಕ್ಕೂ ಹಿಂದಿನದು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅಣ್ಣ ಇನ್ನೇನೋ ಕೇಳುವವರಿದ್ದರು, ಅಷ್ಟರಲ್ಲಿ ಜೀಪು ಬಂತು.

ಎಂಜಿನಿಯರು ಕೂರಲೂ ಇಲ್ಲ. ಪಂಪು ಶುರು ಮಾಡಿಸಿದರು. ಚೆನ್ನಾಗಿಯೇ ಓಡಿತು. ಕಾಲು ಗಂಟೆ ನೋಡಿ, "ಈಗ ನಿಲ್ಲಿಸಿ ತೋರ್ಸಮ್ಮ," ಎಂದರು. ಅದೇ ಹೊತ್ತಿಗೆ ಹೊರಗಿನ ಗುಂಡಿಯಲ್ಲಿ ಫಿಟ್ಟರೊಬ್ಬ ಇಳಿದು, ಸೋರುತ್ತಿದ್ದ ಪೈಪಿನ ಜಾಯಿಂಟಿನ ಬೋಲ್ಟು ಬಿಗಿ ಮಾಡುತ್ತಿದ್ದ. ನನಗದು ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು. "ತಡೀರಿ ಸಾ, ಅವ್ನು ಮ್ಯಾಕ್ ಬರ್ಲಿ," ಎನ್ನುತ್ತಾ ಬಾಗಿಲ ಕಡೆ ತಿರುಗಿದರು. ನಾನು ಆಗಲೇ ಒತ್ತಿಬಿಟ್ಟಿದ್ದೆ.

ವಾಲ್ವಿನ ಮೋಟಾರು ಗುರ್ ಎಂದಿತು. ಅರ್ಧ ಮುಚ್ಚಿದ ಮೇಲೆ ಅದು ನಿಂತು ಉಸಿರು ಬಿಡಬೇಕಿತ್ತು. ನಿಲ್ಲಲಿಲ್ಲ. ಒಂದೇ ಸಮನೆ ಮುಚ್ಚುತ್ತಾ ಹೋಯಿತು. ಅಣ್ಣನೊಬ್ಬರನ್ನು ಬಿಟ್ಟು ನಮ್ಮ ಯಾರ ಕಿವಿಗೂ ಅದು ತಿಳಿಯಲಿಲ್ಲ. ಅಣ್ಣ ಬಾಗಿಲಿನಿಂದ ಹಾರಿ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಪ್ಯಾನಲ್ಲಿನ ಸ್ವಿಚ್ಚನ್ನು ಮ್ಯಾನುಯಲ್ಲಿಗೆ ತಿರುವಿದರು. "ಮ್ಯಾಕ್ ಬಾಲಾ! ಮ್ಯಾಕ್ ಬಾ!" ಎಂದು ಕೂಗುತ್ತಲೇ ವಾಲ್ವಿನ ಚಕ್ರಕ್ಕೆ ಕೈ ಹಾಕಿ ಹಿಂದಕ್ಕೆ ತಿರುಗಿಸತೊಡಗಿದರು. ಪೈಪಿನೊಳಗೆ ಒಂದು ಏಟು ಬಿತ್ತು. ಕಾಲ ಕೆಳಗಿನ ನೆಲ ಅದುರಿತು. ಚಕ್ರ ಒದ್ದುಕೊಂಡು ಅವರ ಬಲ ಮುಂಗೈಗೆ ಬಡಿಯಿತು. ಕೈ ಬಿಡಲಿಲ್ಲ ಅವರು. ಎಡಗೈಯಲ್ಲೇ ತಿರುಗಿಸಿದರು...

ಹೊರಗೆ ಜಾಯಿಂಟು ಬಾಯಿ ಬಿಟ್ಟು ನೀರು ಆಳೆತ್ತರ ಚಿಮ್ಮುತ್ತಿತ್ತು. ಫಿಟ್ಟರು ತೊಯ್ದು ತೊಪ್ಪೆಯಾಗಿ, ಗುಂಡಿಯ ಅಂಚಿನಲ್ಲಿ ಕೈಯೂರಿ ಮಂಡಿಯೂರಿ ಕೆಮ್ಮುತ್ತಿದ್ದ. ವಾಲ್ವು ಪೂರ್ತಿ ಮುಚ್ಚಿದ್ದರೆ ಆ ಪೈಪೇ ಅವನ ಮೇಲೆ ಬರುತ್ತಿತ್ತು.

"ಯಾರನ್ನ ಕೇಳಿ ಪ್ಯಾನಲ್ ಮುಟ್ದೆ?" ಎಂಜಿನಿಯರು ಕೆಂಡವಾಗಿದ್ದರು.

"ನಾನೇ ಮುಟ್ದೆ ಸಾ," ಎಂದರು ಅಣ್ಣ.

ಒಂದು ಸಲ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪು ನೋಡುತ್ತಿದ್ದೆ.

ನಾಳೆ ಬೆಳಿಗ್ಗೆ ಮತ್ತೆ ಟ್ರಯಲ್ ಎಂದು ಹೇಳಿ ಜೀಪು ಹೋಯಿತು. ಊದಿಕೊಂಡ ಕೈಗೆ ಒದ್ದೆ ಟವಲು ಸುತ್ತಿಕೊಂಡು ಅಣ್ಣ ನನ್ನ ಪಕ್ಕ ಕುಳಿತರು. ಬೈಯುತ್ತಾರೆ ಎಂದು ಕಾದೆ. "ಬರ್ಕೊ," ಎಂದರು. "ಅರ್ಧ ಮುಚ್ಚು. ಅಲ್ಲಿ ನಿಲ್ಸಿ ಹತ್ತು ಎಣ್ಸು. ಆಮೇಲ್ ಕಾಲು ಭಾಗ. ಅಲ್ಲಿ ಇಪ್ಪತ್ತು. ಕಡೆ ಕಾಲು ಭಾಗ ಇದ್ಯಲ್ಲ, ಅದು ಕೂಸ್‌ನ ತೊಟ್ಲಿಗ್ ಮಲುಗ್ಸ್ದಂಗೆ." ಅವರು ಹೇಳುತ್ತಾ ಹೋದಂತೆ ಆ ನಿಲುಗಡೆಗಳನ್ನು ಒಂದೊಂದಾಗಿ ಪ್ರೋಗ್ರಾಮಿಗೆ ಸೇರಿಸಿದೆ. ಮರುದಿನ ಬೆಳಿಗ್ಗೆ ಜಾಯಿಂಟು ಬಿಗಿಯಾದ ಮೇಲೆ ಪಂಪು ಓಡಿತು, ನಿಂತಿತು. ಪೈಪು ಸದ್ದೇ ಮಾಡಲಿಲ್ಲ. ಎಂಜಿನಿಯರು ನನಗೆ ಶಹಬಾಸ್ ಅಂದರು.

ಆಮೇಲೆ ರಿಪೋರ್ಟು. ಯಜಮಾನರು ಮಂಡ್ಯದ ಆಫೀಸಿನಲ್ಲಿ ಎದುರು ಕುಳಿತು ಹೇಳಿ ಬರೆಸಿದರು. ಆಪರೇಟರು ಅನುಮತಿಯಿಲ್ಲದೆ ನಡುವೆ ಕೈ ಹಾಕಿದ್ದರಿಂದ ಮೊದಲ ಟ್ರಯಲ್ ಕೆಟ್ಟಿತು ಎಂದು. ನಾನು ಪೆನ್ನು ನಿಲ್ಲಿಸಿದೆ. "ಬೇರೆ ಥರ ಬರೆದರೆ ಕಾಂಟ್ರಾಕ್ಟು ಹೋಗುತ್ತದೆ, ನಿನ್ನ ಕೆಲಸವೂ," ಎಂದರು. ಮನೆಯಲ್ಲಿ ಅಪ್ಪ ಕೆಲಸ ಬಿಟ್ಟು ಕುಳಿತಿದ್ದರು, ತಮ್ಮ ಓದುತ್ತಿದ್ದ. ಇದು ನೆಪ ಎಂದು ಆಗಲೂ ಗೊತ್ತಿತ್ತು. ಬರೆದೆ. ಕೆಳಗೆ ಸಹಿ ಹಾಕಿದೆ.

ತಿಂಗಳೊಳಗೆ ಅಣ್ಣನನ್ನು ಕೆಲಸದಿಂದ ತೆಗೆದರು.

ಅದಾಗಿ ಸ್ವಲ್ಪ ದಿನಕ್ಕೆ ಅವರಿಂದ ಒಂದೇ ಒಂದು ಫೋನು ಬಂತು. ಹೆಸರು ನೋಡಿಯೂ ಎತ್ತಿದೆ.

"ವಾಲ್ವು ಈಗ ಎಂಗ್ ಮುಚ್ಕತದೆ ಕಣಮ್ಮ?"

"ಚೆನ್ನಾಗಿ ಮುಚ್ಚಿಕೊಳ್ತಿದೆ ಅಣ್ಣ."

"ಅಷ್ಟಾದ್ರೆ ಸಾಕು ಬುಡು," ಎಂದು ಇಟ್ಟುಬಿಟ್ಟರು. ತಪ್ಪಾಯಿತು ಎನ್ನಲು ನಾನು ತಿರುಗಿ ಫೋನು ಮಾಡಲಿಲ್ಲ...

ವರ್ಷಗಳು ಹೋದವು. ಹೋದ ವರ್ಷ ಹಲಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಫಿಟ್ಟರು ಸಿಕ್ಕಿದ. ಅಣ್ಣ ತೀರಿಕೊಂಡು ಆರು ತಿಂಗಳಾಯಿತು ಎಂದ. ನನ್ನ ಬಸ್ಸು ಬಂದಿತ್ತು, ಹತ್ತಿದೆ. ಆಗಲೂ ಅವರ ಮನೆಯ ಕಡೆ ಹೋಗಲಿಲ್ಲ.

ಮೊನ್ನೆ ಭಾನುವಾರ ಹೋದೆ. ಪೂರಿಗಾಲಿಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸಿದರು. ಅಣ್ಣನ ಹೆಂಡತಿ ಜಗುಲಿಯ ಮೇಲೆ ಹುರುಳಿಕಾಳು ಕೇರುತ್ತಿದ್ದರು. ಯಾರೆಂದು ಹೇಳಿಕೊಂಡೆ. ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ಆ ಕಂಪ್ಯೂಟ್ರು ಹುಡ್ಗಿ ನೀನೇಯಾ? ಕೂತ್ಕೊ." ಆಮೇಲೆ ತಾವೇ ಶುರು ಮಾಡಿದರು. "ಪೈಪ್ ಒಡ್ದೋನು ಅಂತ ಊರೋರು ಆಡ್ಕಂಡ್ರು ಕಣಮ್ಮ. ಇವ್ರು ಬಾಯೇ ಬುಡ್ನಿಲ್ಲ. ಕಡೇಗೆ ನಾನೂ ಇವ್ರುದೇ ತಪ್ಪೇನೋ ಅಂದ್ಕಂಡೆ. ಒಂದ್ಸಲ ಸಿಟ್ಟಲ್ಲಿ ಅಂದೂಬುಟ್ಟಿದ್ದೆ. ನೀನು ಅಲ್ಲೇ ಇದ್ದೋಳು. ನಿಜ ಯೋಳು, ತಪ್ಪು ಅವುರ್ದಾ?"

"ಅಲ್ಲ," ಎಂದೆ. "ತಪ್ಪು ನನ್ನದು. ಅಣ್ಣ ಮಧ್ಯೆ ಬರದೆ ಹೋಗಿದ್ದರೆ ಒಬ್ಬನ ಜೀವ ಹೋಗುತ್ತಿತ್ತು. ರಿಪೋರ್ಟು ಬರೆದವಳೂ ನಾನೇ."

ಅವರು ಮೊರ ಕೆಳಗಿಟ್ಟರು.

"ಅವ್ರು ಇದ್ದಾಗ ಬಂದು ಯೋಳ್ಬೇಕಿತ್ತು ಕಣಮ್ಮ," ಎಂದರು. "ನಾನು ಅವ್ರುನ್ನ ಅಂದುದ್ದ ಈಗ ಯಾರತ್ರ ವಾಪಸ್ ತಕಳ್ಲಿ?"

ಸೆರಗಿನ ತುದಿ ಬಾಯಿಗೊತ್ತಿಕೊಂಡು ಒಳಗೆ ಹೋದರು. ನಾನು ಜಗುಲಿಯ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಅವರು ಹೊರಗೆ ಬರಲಿಲ್ಲ.