ಘಾಜಿಯಾಬಾದಿನಲ್ಲಿ ಇಳಿಸಿದ ಮೂವರು

2007ರ ಚಳಿಗಾಲದಲ್ಲಿ ನಾನು ಘಾಜಿಯಾಬಾದ್ ಸ್ಟೇಷನ್ನಿನಲ್ಲಿ ಟಿಕೆಟ್ ಪರೀಕ್ಷಕಿಯಾಗಿದ್ದೆ. ದಿಲ್ಲಿಯ ಕಚೇರಿಗಳಿಗೆ ದಿನವೂ ರೈಲಿನಲ್ಲಿ ಹೋಗಿಬರುವವರನ್ನು ಅಲ್ಲಿ ‘ಡೇಲಿ ಪ್ಯಾಸೆಂಜರ್’ ಎನ್ನುತ್ತಾರೆ. ಕೈಯಲ್ಲಿ ಮಂತ್ಲಿ ಪಾಸ್ ಇದ್ದರಾಯಿತು, ದೂರದಿಂದ ಬಂದ ಸ್ಲೀಪರ್ ಬೋಗಿಗೂ ನುಗ್ಗಿ, ಮಲಗಿದವರನ್ನು ಎಬ್ಬಿಸಿ, ಬ್ರೀಫ್‌ಕೇಸಿನ ಮೇಲೆ ಇಸ್ಪೀಟು ಹರಡುತ್ತಿದ್ದರು. ಅವರೊಂದಿಗೆ ಜಗಳವಾಡಿಯೇ ನನ್ನ ಗಂಟಲು ಕೆಟ್ಟಿತ್ತು. ಆದರೆ ಕೆಟ್ಟ ಜನರಲ್ಲ. ಯಾರಿಗಾದರೂ ಎದೆನೋವು ಬಂದರೆ ಮೊದಲು ಓಡಿಬರುವವರೂ ಅವರೇ. ಒಂದು ದಿನ ನನ್ನನ್ನು ಹೆದರಿಸಿದ್ದು ಅವರ ಈ ಒಳ್ಳೆಯತನವೇ.

ಅವತ್ತು ದಟ್ಟ ಮಂಜಿನ ಬೆಳಗ್ಗೆ ಗೋರಖ್‌ಪುರದ ಗಾಡಿ ತಡವಾಗಿ ಬಂತು. ಹೊರಟ ಗಾಡಿಯನ್ನು ಯಾರೋ ಚೈನ್ ಎಳೆದು ನಿಲ್ಲಿಸಿದರು. ನಾನು ಹೋಗುವಷ್ಟರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಜನ ಮುತ್ತಿಕೊಂಡಿದ್ದರು. ನಡುವೆ ತುಟಿ ಒಡೆದು ರಕ್ತ ಸುರಿಯುತ್ತಿದ್ದ ಒಬ್ಬ ಗಂಡಸು, ಪಕ್ಕದಲ್ಲಿ ಇಬ್ಬರು ಹುಡುಗಿಯರು. ಕಾಲ ಬುಡದಲ್ಲಿ ಅವರ ಬ್ಯಾಗುಗಳು ಬಿದ್ದಿದ್ದವು.

‘ಮೇಡಂ, ದಲ್ಲಾಳಿ ಸಿಕ್ಕಿಬಿದ್ದಿದಾನೆ,’ ಎಂದರು ಇಸ್ಪೀಟು ಗುಂಪಿನ ಮುಖಂಡ ಶರ್ಮಾಜಿ. ‘ನೇಪಾಳದಿಂದ ಹುಡುಗಿಯರನ್ನ ಮಾರೋಕೆ ತಂದಿದಾನೆ. ಇವನು ಯಾರು ಅಂತ ಕೇಳಿದ್ರೆ ಪಾಪ, ಹುಡುಗಿಯರು ಬಾಯೇ ಬಿಡ್ತಿಲ್ಲ. ಅಷ್ಟು ಹೆದರಿಸಿಟ್ಟಿದಾನೆ.’

‘ನನ್ನ ಮಕ್ಕಳು. ಊರು ನೋಡೋಕೆ ಬಂದಿದ್ದೀವಿ,’ ಎಂದ ಆತ.

ಜನ ನಕ್ಕರು. ‘ನೇಪಾಳದವರು ದಿಲ್ಲಿಗೆ ಟೂರ್ ಬರ್ತಾರಾ? ನಮ್ಮ ಕಾಲೊನಿ ಚೌಕಿದಾರನನ್ನ ಕೇಳಿ ನೋಡಿ,’ ಎಂದನೊಬ್ಬ. ನೇಪಾಳಿ ಎಂದರೆ ಗೇಟು ಕಾಯುವವನು, ಇಲ್ಲವೇ ಪಾತ್ರೆ ತೊಳೆಯುವವಳು. ದುಡ್ಡು ಕೂಡಿಟ್ಟು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ನಮ್ಮೂರು ನೋಡಲು ಬರುವ ನೇಪಾಳಿ ಇರಬಹುದೆಂದು ಅಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಟಿಕೆಟ್ ನೋಡಿದೆ. ಮೂವರ ಹೆಸರೂ ಸರಿಯಾಗಿತ್ತು. ಆದರೆ ಅಪ್ಪ, ಮಗಳು ಎಂದು ಟಿಕೆಟ್ಟಿನಲ್ಲಿ ಬರೆದಿರುವುದಿಲ್ಲವಲ್ಲ. ಅಷ್ಟರಲ್ಲಿ ಬಂದ ಕಾನ್‌ಸ್ಟೇಬಲ್ ವೀಸಾ ಕೇಳಿದ. ನೇಪಾಳದವರಿಗೆ ವೀಸಾ ಬೇಡವಪ್ಪ ಎಂದೆ. ‘ಅಚ್ಛಾ, ಹಾಗಾದ್ರೆ ಹುಡುಗಿಯರು ಆಶ್ರಯಧಾಮಕ್ಕೆ, ಇವನು ಠಾಣೆಗೆ,’ ಎಂದುಬಿಟ್ಟ. ಒಮ್ಮೆ ಹಾಗೆ ಬೇರೆಯಾದರೆ ಮತ್ತೆ ಯಾವಾಗ ಸೇರುತ್ತಾರೋ ದೇವರೇ ಬಲ್ಲ. ಹಿಂದೆ ಒಬ್ಬ ಹೊಡೆಯಲೆಂದು ಸೊಂಟದ ಬೆಲ್ಟು ಬಿಚ್ಚುತ್ತಿದ್ದ.

‘ಶರ್ಮಾಜಿ, ನಾನು ವಿಚಾರಿಸ್ತೀನಿ. ಅಲ್ಲೀವರೆಗೆ ಇವರ ಮೈ ಮುಟ್ಟಿದವರ ಪಾಸ್ ಕಿತ್ಕೊಳ್ತೀನಿ,’ ಎಂದು ಗದರಿದೆ. ಪಾಸ್ ಎಂದಕೂಡಲೇ ದಾರಿ ಬಿಟ್ಟರು.

ಮೂವರನ್ನೂ ಹೆಂಗಸರ ವೇಟಿಂಗ್ ರೂಮಿಗೆ ಕರೆದೊಯ್ದೆ. ಬಾಗಿಲಲ್ಲಿ ಶರ್ಮಾಜಿ ಮತ್ತು ಕಾನ್‌ಸ್ಟೇಬಲ್ ಬಿಟ್ಟು ಬೇರೆ ಯಾರನ್ನೂ ನಿಲ್ಲಗೊಡಲಿಲ್ಲ. ಇವನು ಯಾರು ಎಂದು ನಾನು ಕೇಳಲಿಲ್ಲ. ಹುಡುಗಿಯರ ಪಕ್ಕ ಕೂತು, ‘ಎಲ್ಲಿಗೆ ಹೊರಟಿದ್ದೀರಮ್ಮಾ?’ ಎಂದೆ.

ಚಿಕ್ಕವಳು ನನ್ನನ್ನು ಬಿಟ್ಟು ಆತನ ಮುಖ ನೋಡಿದಳು. ಆತ ತುಟಿ ಒರೆಸಿಕೊಂಡು, ‘ಹೇಳು ಮಗಳೇ, ಈ ದೀದಿಗೆ ಹೇಳಬಹುದು,’ ಎಂದ.

ಅಷ್ಟು ಸಿಕ್ಕಿದ್ದೇ ತಡ, ಹುಡುಗಿ ಟಿವಿ ನೋಡಿ ಕಲಿತ ಹಿಂದಿಯಲ್ಲಿ ಉಸಿರು ಬಿಡದೆ ಹೇಳಿದಳು. ಊರು ಪೋಖರಾ. ಅಪ್ಪ ಗಣಿತದ ಮೇಷ್ಟ್ರು. ಅಕ್ಕ ಹತ್ತನೇ ಕ್ಲಾಸು ಪಾಸಾದರೆ ತಾಜ್ ಮಹಲ್ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ಅಮ್ಮ ಅಜ್ಜಿಯನ್ನು ನೋಡಿಕೊಳ್ಳಲು ಉಳಿದಿದ್ದಾಳೆ.

‘ಮತ್ತೆ ಅವರು ಕೇಳಿದಾಗ ಯಾಕೆ ಸುಮ್ಮನಿದ್ರಿ?’

‘ಬಾರ್ಡರಲ್ಲಿ ಒಬ್ಬ ಆಂಟಿ ಹೇಳಿದ್ರು. ರೈಲಲ್ಲಿ ಗಂಡಸರು ಬಂದು ವಿಚಾರಿಸಿದ್ರೆ ಬಾಯಿ ಬಿಡಬೇಡಿ, ಹಿಡಿದು ಮಾರಿಬಿಡ್ತಾರೆ ಅಂತ.’

ಶರ್ಮಾಜಿಯ ಮುಖ ಇಳಿದುಹೋಯಿತು. ‘ನಮಗೂ ಹೆಣ್ಣುಮಕ್ಕಳಿದಾರೆ ಮೇಡಂ, ಒಳ್ಳೇದಕ್ಕೇ ಮಾಡಿದ್ವಿ,’ ಎಂದರು. ಕಾನ್‌ಸ್ಟೇಬಲ್ ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಪೂರಿ, ಚಹಾ ಬಂತು. ಆಗ್ರಾಕ್ಕೆ ಟ್ಯಾಕ್ಸಿ ಮಾಡಿಕೊಡುತ್ತೇವೆಂದು ಶರ್ಮಾಜಿಯ ಗುಂಪಿನವರು ಬೇಡಿಕೊಂಡರು. ಹುಡುಗಿಯರು ಪೂರಿ ಮುಟ್ಟಲಿಲ್ಲ. ಮೇಷ್ಟ್ರು ಕೈಮುಗಿದು, ಊರಿಗೆ ವಾಪಸ್ ಹೋಗುವ ಗಾಡಿ ಯಾವಾಗ ಎಂದಷ್ಟೇ ಕೇಳಿದರು. ನನಗೆ ಅಳು ಬಂತು.

ಗಾಡಿ ಹತ್ತಿಸಲು ನಾನೇ ಹೋದೆ. ‘ನನಗೆ ಕೋಪವಿಲ್ಲ ಮೇಡಂ,’ ಎಂದರು ಮೇಷ್ಟ್ರು. ‘ಇಂಥದ್ದನ್ನ ನಮ್ಮೂರಲ್ಲಿ ಕಂಡಿದ್ದರೆ ನಾನೂ ಹೊಡೆದಿರ್ತಿದ್ದೆನೋ ಏನೋ.’ ಆ ಮಾತು ಕೇಳಿ ಶರ್ಮಾಜಿಯವರ ಮೇಲಿನ ನನ್ನ ಸಿಟ್ಟು ಇಳಿಯಿತು, ಇಂಥ ಸಜ್ಜನರೂ ಕೈ ಎತ್ತಬಲ್ಲರಲ್ಲ ಎಂಬ ಹೆದರಿಕೆ ಮಾತ್ರ ಇಮ್ಮಡಿಯಾಯಿತು.

ಆಮೇಲೂ ನಾನು ಅನುಮಾನಪಡುವುದನ್ನು ಬಿಡಲಿಲ್ಲ. ನಿಜವಾದ ದಲ್ಲಾಳಿಗಳೂ ಅದೇ ಗಾಡಿಗಳಲ್ಲಿ ಬರುತ್ತಾರೆ. ಆದರೆ ಮೊದಲು ಗುಂಪನ್ನು ಚದುರಿಸಿ, ಆಮೇಲೆ ಮಕ್ಕಳ ಪಕ್ಕದಲ್ಲಿ ಕೂತು ಕೇಳುವುದನ್ನು ಕಲಿತೆ. ಕಾಪಾಡಲು ಬಂದವರ ಕೈಯಿಂದಲೂ ಮಕ್ಕಳನ್ನು ಕಾಪಾಡಬೇಕಾಗುತ್ತದೆ.