ಅಕ್ಕಾ, ಮಷಿನ್ ಕಾದೈತೇನು ನೋಡು

ಯುಗಾದಿ ಮುಗಿದ ಮೇಲಿನ ಮೊದಲ ಬುಧವಾರ, ಸಂಜೆ ಐದು ಗಂಟೆ. ಬೈಲಹೊಂಗಲದಲ್ಲಿ ನನ್ನ ತಮ್ಮನ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ತಮ್ಮ, ಅವನ ಹೆಂಡತಿ, ನಾನು. ತಮ್ಮ ಕುರ್ಚಿಯಲ್ಲಿ ಕುಳಿತು ಟಿವಿಯ ಪರದೆಯಲ್ಲಿ ಕಾರು ಓಡಿಸುತ್ತಿದ್ದ. ಅವನ ಹೆಂಡತಿ ನೆಲದ ಮೇಲೆ ಹಳೆಯ ಸೀರೆಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ಕುರ್ಚಿಯ ಎಡಕ್ಕೆ ಗೋಡೆಯಲ್ಲೊಂದು ಗೂಡಿದೆ. ಗೇಮಿನ ಮಷಿನ್ ಅದರಲ್ಲಿತ್ತು. ಆಟ ನಡೆಯುವ ಅರ್ಧ ಗಂಟೆ ಆ ಗೂಡಿನ ಪಕ್ಕ ನಿಲ್ಲುವುದು ನನ್ನ ಕೆಲಸ.

ನಾನು ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ವಸತಿನಿಲಯದ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವುದು, ದೀಪ ಆರಿಸುವುದು, ಜ್ವರ ಬಂದ ಹುಡುಗಿಯ ಹಣೆ ಮುಟ್ಟಿ ನೋಡುವುದು ನನಗೆ ಬರುತ್ತದೆ. ಹೋದ ದಸರೆಯ ಹೊತ್ತಿಗೆ ತಮ್ಮನಿಗೆ ಲಕ್ವಾ ಹೊಡೆಯಿತು. ಸುದ್ದಿ ಕೇಳಿ ನಾನು ಅಳಲಿಲ್ಲ. ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಇವತ್ತಿನವರೆಗೂ ಅತ್ತಿಲ್ಲ. ದುಃಖ ಇರಬೇಕಾದ ಜಾಗದಲ್ಲಿ ಕೈಹಾಕಿದರೆ ಏನೂ ಸಿಗುವುದಿಲ್ಲ. ಕೆಲಸಗಳಿವೆ, ಮಾಡುತ್ತೇನೆ.

ತಮ್ಮ ಸರಕಾರಿ ಬಸ್ಸಿನ ಡ್ರೈವರನಾಗಿದ್ದ. ಅವನ ಆಯುಷ್ಯದ ಬಹುಪಾಲು ಸವದತ್ತಿ, ರಾಮದುರ್ಗದ ದಾರಿಯಲ್ಲೇ ಕಳೆಯಿತು. ಹಳೆಯ ಬಸ್ಸುಗಳಲ್ಲಿ ಇಂಜಿನ್ನಿನ ಬಾನೆಟ್ ಡ್ರೈವರನ ಎಡ ಮಗ್ಗುಲಿಗೇ ಇರುತ್ತಿತ್ತು. ಗುಡ್ಡದ ಏರು ಬಂದಾಗ ಅವನು ಎಡಗೈಯನ್ನು ಬಾನೆಟ್ಟಿನ ಮೇಲಿಟ್ಟು, ಮೀಟರು ನೋಡದೆಯೇ ಇಂಜಿನ್ ಎಷ್ಟು ಕಾದಿದೆ ಎಂದು ಹೇಳುತ್ತಿದ್ದ. ಲಕ್ವಾ ಹೊಡೆದದ್ದು ಆ ಕೈಗೇ. ಬೆರಳುಗಳು ನಿಧಾನವಾಗಿ ಆಡುತ್ತವೆ. ಸ್ಪರ್ಶ ಮಾತ್ರ ಇಲ್ಲ. ಬಿಸಿಯೂ ತಿಳಿಯದು, ತಂಪೂ ತಿಳಿಯದು.

ಧಾರವಾಡದ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಕಲಿಸುವಾಕೆ ಹಿಚುಕಲೆಂದು ಕೊಟ್ಟ ರಬ್ಬರ್ ಚೆಂಡನ್ನು ಅವನು ಬಚ್ಚಲಿಗೆ ಎಸೆದ. "ನಾ ಏನ್ ಸಣ್ಣ ಕೂಸೇನು?" ಎಂದ. ಆಮೇಲೆ ಅವನ ಮಗ ಎಂ.ಕೆ. ಹುಬ್ಬಳ್ಳಿ ಎಂಬ ಊರಿನಿಂದ ಬಂದಿದ್ದಾಗ, ತನ್ನ ಕಾಲೇಜು ದಿನಗಳ ಗೇಮಿನ ಮಷಿನ್ನನ್ನು ಅಟ್ಟದಿಂದ ಇಳಿಸಿ ಟಿವಿಗೆ ಜೋಡಿಸಿದ. ಆ ಆಟದ ಹಿಡಿಕೆಯಲ್ಲಿ ಗಾಡಿ ತಿರುಗಿಸುವುದು ಎಡ ಹೆಬ್ಬೆರಳು. ತಮ್ಮ ಅದನ್ನು ಎಸೆಯಲಿಲ್ಲ. ಆ ಕೈ ಬೇರೆ ಯಾವ ಕೆಲಸಕ್ಕೂ ಏಳುವುದಿಲ್ಲ. ಮಷಿನ್ ಹಳೆಯದು, ಕೆಟ್ಟರೆ ಸಾಮಾನು ಸಿಗುವುದಿಲ್ಲ ಎಂದು ಮಗ ಹೇಳಿ ಹೋದ. ಅಂದಿನಿಂದ ನನಗೆ ಅದೇ ಚಿಂತೆ. ಮಷಿನ್ ಕಾದು ಸುಟ್ಟುಹೋದರೆ, ಆ ಕೈ ಇಟ್ಟಲ್ಲೇ ಬಿದ್ದಿರುತ್ತದೆ.

ಅದಕ್ಕಾಗಿ ನಿಯಮ ಮಾಡಿದ್ದೆ. ಬಿಸಿಲು ಇಳಿದ ಮೇಲಷ್ಟೇ ಆಟ. ಕರೆಂಟು ಏರಿಳಿದು ಮನೆಯ ದೀಪ ಮಿಣುಕಿದರೆ ಬಂದ್. ನಡುನಡುವೆ ನಾನು ಮುಟ್ಟಿ ನೋಡುತ್ತಿದ್ದೆ. ತಮ್ಮನೂ ಹಳೆಯ ರೂಢಿಯಂತೆ ಎಡಗೈ ಚಾಚಿ ಮಷಿನ್ನಿನ ಮೇಲಿಟ್ಟು, ನನ್ನ ಮುಖ ನೋಡಿ ಕೇಳುತ್ತಿದ್ದ: "ಅಕ್ಕಾ, ಕಾದೈತೇನು ನೋಡು."

ಅಂದು ಹಾಗೆ ಕೇಳುವ ಮೊದಲೇ ಮಷಿನ್ನಿನೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಪರದೆ ಕಪ್ಪಾಯಿತು. ಮಷಿನ್ನಿನ ಮೇಲೆ ಕೆಂಪು ದೀಪ ಮಿಣುಕಿ ಅದೂ ಆರಿತು.

"ಸತ್ತಿತೇನು?" ತಮ್ಮ ಕೇಳಿದ.

"ಕಾದು ಬಂದ್ ಆಗೇತಿ."

"ಎಲ್ಲಾರೂ ಇಳೀರಿ, ಚಹಾ ಕುಡದ ಬರ್ರಿ. ರೇಡಿಯೇಟರ್ ಆರಬೇಕು."

"ನೀವs ಮೊದಲ ಇಳೀರಿ," ಅವನ ಹೆಂಡತಿ ಅಂದಳು. "ದಿನಾ ಒಂದ್ ಗಾಡಿ ಗ್ವಾಡಿಗೆ ಗುದ್ದತೀರಿ. ನಿಮಗ ಲೈಸೆನ್ಸ್ ಯಾರ್ ಕೊಟ್ಟಾರು?"

ಅವನು ನಕ್ಕ. ಆದರೆ ಎಡಗೈ ಆಟದ ಹಿಡಿಕೆಯನ್ನು ಬಿಟ್ಟಿರಲಿಲ್ಲ. ಹೆಬ್ಬೆರಳು ಕಪ್ಪು ಪರದೆಯ ಮುಂದೆಯೂ ಗಾಡಿ ತಿರುಗಿಸುತ್ತಿತ್ತು.

ನಾನು ಅವನ ಮಗನಿಗೆ ಫೋನ್ ಹಚ್ಚಿದೆ.

"ಅತ್ತೀ, ಮಷಿನ್ ಎಲ್ಲಿ ಇಟ್ಟೀರಿ?"

"ಗೂಡಿನ್ಯಾಗ. ಧೂಳ ಕೂಡಬಾರದಂತ."

"ಮೂರೂ ಕಡೆ ಗ್ವಾಡಿ ಐತಲ್ರಿ, ಬಿಸಿಗಾಳಿ ಎಲ್ಲಿ ಹೋಗಬೇಕು? ಮತ್ತ ಮ್ಯಾಲೆ ಏನರ ಹೊಚ್ಚತೀರೇನು?"

ನಾವಿಬ್ಬರು ಹೆಂಗಸರು ಪರಸ್ಪರ ಮುಖ ನೋಡಿಕೊಂಡೆವು. ಈ ಮನೆಯಲ್ಲಿ ಮಿಕ್ಸರಿಗೂ ಹೊದಿಕೆಯುಂಟು, ರೇಡಿಯೋಕ್ಕೂ ಉಂಟು. ತಮ್ಮನ ಹಳೆಯ ಖಾಕಿ ಅಂಗಿ ಕತ್ತರಿಸಿ ಅವನ ಹೆಂಡತಿ ಮಷಿನ್ನಿಗೂ ಒಂದು ಹೊಲಿದಿದ್ದಳು. ಆಟ ಮುಗಿದ ಕ್ಷಣವೇ ನಾನು ಅದನ್ನು ಹೊದಿಸುತ್ತಿದ್ದೆ. ಒಂದು ದಿನವೂ ತಪ್ಪಿಸಿರಲಿಲ್ಲ. ಫೋನಿನಲ್ಲಿ ಹಾಗೇ ಹೇಳಿದೆ.

"ಬಿಸಿ ಇರೂವಾಗs ಹೊಚ್ಚಿ ಮಲಗಸ್ತೀರಿ!" ಹುಡುಗ ಅಂದ. "ಮೊದಲ ಹೊರಗ ತಗೀರಿ. ಪೂರಾ ಆರಲಿ. ತೂತಿನ್ಯಾಗ ಏನ್ ಸಿಕ್ಕೈತಿ ನೋಡ್ರಿ. ಹೊಳ್ಳಿ ಚಾಲೂ ಆದ್ರ ಆತು. ಇಲ್ಲಾಂದ್ರ ನಾನೂ ಏನೂ ಮಾಡಾಕ ಬರಂಗಿಲ್ಲ."

ಹೊರಗೆ ತೆಗೆದು ಆರಿಸಿದೆವು. ಹಿಂಬದಿಯ ಸೀಳುಗಳಲ್ಲಿ ಹತ್ತಿಯ ನೂಲು ಒತ್ತಾಗಿ ಮೆತ್ತಿಕೊಂಡಿತ್ತು. ಕೆಂಪು, ಹಸಿರು, ನೀಲಿ, ಎಲ್ಲ ಸೀರೆಗಳ ಬಣ್ಣ.

"ನನ್ನ ಕೌದಿದs ಐತ್ರಿ ಇದೆಲ್ಲಾ, ಅಕ್ಕಾರ," ಎಂದು ಅವಳು ತಲೆ ತಗ್ಗಿಸಿದಳು.

"ಯಾರದಂತ ನಾ ಕೇಳಿಲ್ಲ. ದೊಡ್ಡ ಸೂಜಿ ತಾ."

ಕೌದಿಯ ಸೂಜಿಯಿಂದಲೇ ನೂಲನ್ನು ಎಳೆದೆಳೆದು ತೆಗೆದಳು. ನಾನು ಬಾಗಿಲ ಹಿಂದಿನ ಮೊಳೆಯಿಂದ ಸೈಕಲ್ ಪಂಪು ಇಳಿಸಿದೆ. ಮಷಿನ್ನನ್ನು ತಮ್ಮನ ತೊಡೆಯ ಮೇಲಿಟ್ಟು ಎಡಗೈಯಿಂದಲೇ ಹಿಡಿಯಲು ಹೇಳಿದೆ.

"ಸಾವಕಾಶ ಅಕ್ಕಾ, ಟ್ರಕ್ಕಿನ ಟೈರ್ ಅಲ್ಲದು."

ಸೀಳುಗಳಿಂದ ಬೂದು ಬಣ್ಣದ ಧೂಳು ಹಾರಿ ಅವನ ಮೀಸೆಯ ಮೇಲೆ ಕೂತಿತು. ಯಾರೂ ಒರೆಸಲಿಲ್ಲ.

ಗೂಡು ಬಿಟ್ಟು, ಮಷಿನ್ನನ್ನು ಕುರ್ಚಿಯ ಎಡಕ್ಕೆ ಸ್ಟೂಲಿನ ಮೇಲೆ ಗಾಳಿಗೆ ಇಟ್ಟೆವು. ಗುಂಡಿ ಒತ್ತಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಸಿರು ದೀಪ ಹತ್ತಿತು, ಪರದೆಯ ಮೇಲೆ ರಸ್ತೆ ಬಂತು. ಫ್ಯಾನಿನ ಸದ್ದು ಕೇಳಿಯೂ ಕೇಳದಷ್ಟು. ತಮ್ಮ ಒಂದು ಸುತ್ತು ಓಡಿಸಿ, ಎಡಗೈ ಚಾಚಿ ಮಷಿನ್ನಿನ ಮೇಲಿಟ್ಟ. ಈ ಸಲ ನನ್ನ ಮುಖ ನೋಡಲಿಲ್ಲ.

"ಬೆಚ್ಚಗ ಐತಿ," ಅಂದ.

ಹೆಂಡತಿಯ ಸೂಜಿ ನಿಂತಿತು. ನಾನು ಮುಟ್ಟಿ ನೋಡಿದೆ. ಬೆಚ್ಚಗೇ ಇತ್ತು.

"ನಿಮಗ ಗೊತ್ತಾತೇನ್ರೀ?" ಅವಳು ಕೇಳಿದಳು.

ನಾನು ಒಳಗೆ ಹೋಗಿ ಮಣ್ಣಿನ ಹರವಿಯಿಂದ ಒಂದು ಸ್ಟೀಲ್ ಲೋಟದ ತುಂಬ ತಣ್ಣೀರು ತಂದೆ. "ಕಣ್ಣ ಮುಚ್ಚು," ಅಂದೆ. ಮುಚ್ಚಿದ. ಅವನ ಎಡಗೈ ಬೆರಳುಗಳನ್ನು ಲೋಟದ ಸುತ್ತ ಜೋಡಿಸಿ ಹಿಡಿದೆ.

"ಈಗ ಹೇಳು. ಹೆಂಗೈತಿ?"

ಅವನು ಬಹಳ ಹೊತ್ತು ಯೋಚಿಸಿದ. ಹುಬ್ಬು ಗಂಟಿಕ್ಕಿತು.

"ಬೆಚ್ಚಗ ಐತಿ."

ಅವನು ಕಣ್ಣು ತೆರೆದು ಲೋಟ ನೋಡಿದ, ಅದರ ಹೊರಗೆ ಅಂಟಿದ್ದ ನೀರಹನಿ ನೋಡಿದ.

"ಫೇಲ್ ಆದ್ನೇನ್ರಿ, ವಾರ್ಡನ್ ಬಾಯಾರ?"

"ನಾಳೆ ಮತ್ತ ಪರೀಕ್ಷಾ ಐತಿ," ಅಂದೆ. "ಈಗ ಗಾಡಿ ಹೊಡಿ. ಟೈಮ್ ಇನ್ನೂ ಐತಿ."

ಅವನು ಬಲಗೈಯಿಂದ ಲೋಟ ತೆಗೆದುಕೊಂಡು ನೀರು ಕುಡಿದ. ಎರಡೂ ಕೈಗೆ ಹಿಡಿಕೆ ಕೊಟ್ಟೆ. ಉಳಿದ ಹೊತ್ತು ಆಡಿದ.

ಆಟ ಮುಗಿದ ಮೇಲೆ ಸ್ವಿಚ್ ಆರಿಸಿದೆ. ಪಂಪನ್ನು ಮೊಳೆಗೆ ಹಾಕಿದೆ. ನೆಲದ ಮೇಲಿನ ನೂಲು ಗುಡಿಸಿದೆ. ಖಾಕಿ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಮಷಿನ್ನಿನ ಪಕ್ಕ ಕುಳಿತೆ. ಒಳಗೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಮುಟ್ಟಿ ನೋಡಿದೆ. ತಣ್ಣಗಾಗಿತ್ತು. ಹೊದಿಸಿದೆ.