ಅದು ಉಪ್ಪಿನ ಮರಿಗೆ ಅಲ್ಲ

ಆ ಕಾಲದ ಮಂಗಳೂರಿನಲ್ಲಿ ನಾನು ಕಲಾವಿದ ಎಂದು ಹೇಳಿಕೊಂಡರೆ ಜನ ಯಕ್ಷಗಾನದವನೆಂದುಕೊಂಡು ಕೇಳುತ್ತಿದ್ದದ್ದು ಒಂದೇ: "ಯಾವ ಮೇಳ? ಎಂತ ವೇಷ?" ನಾನು ಹಗಲು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಸಂಜೆ ಉರ್ವದ ಮನೆಯ ಹಿಂದೆ, ಕಾಲಿನಿಂದ ತುಳಿದು ತಿರುಗಿಸುವ ಯಂತ್ರದಲ್ಲಿ ಮರ ಕಡೆಯುತ್ತಿದ್ದೆ. ಮೇಳವೂ ಇಲ್ಲ, ವೇಷವೂ ಇಲ್ಲ ಎಂದರೆ ಕೇಳಿದವರ ಮುಖ ಸಪ್ಪೆಯಾಗುತ್ತಿತ್ತು.

ಒಮ್ಮೆ ಮೂರು ತಿಂಗಳು ಒದ್ದಾಡಿ ಹಲಸಿನ ಮರದ ಬಟ್ಟಲೊಂದನ್ನು ಕಡೆದೆ. ಅಂಚು ಹಪ್ಪಳದಷ್ಟು ತೆಳು. ಅರಗು ಹಚ್ಚಿ ತಿಕ್ಕಿದ ಮೇಲೆ ಅದರ ಹಳದಿ ಹೊಳಪು ಕಂಡು ನನಗೇ ಮೈ ಜುಮ್ಮೆಂದಿತು. ಹೆಂಡತಿಗೆ ತೋರಿಸಿದೆ.

"ಚಂದ ಉಂಟು. ನಮ್ಮ ಉಪ್ಪಿನ ಮರಿಗೆ ಹೇಗೂ ಸೀಳು ಬಿಟ್ಟಿದೆ," ಎಂದಳು, ಉಪ್ಪು ಹಾಕಿಡುವ ಮರದ ಪಾತ್ರೆಯನ್ನು ತೋರಿಸಿ.

"ಇದು ಮರಿಗೆ ಅಲ್ಲ ಮಾರಾಯ್ತಿ, ಕಲೆ!"

"ಆಯ್ತು, ಕಲೆಯಲ್ಲೇ ಉಪ್ಪು ಹಾಕ್ತೇನೆ."

ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಅತ್ತಾವರದ ಶಾಲೆಯೊಂದರಲ್ಲಿ ಪ್ರದರ್ಶನ ಏರ್ಪಟ್ಟಿತು. ಚಿತ್ರಗಳಿಗೆ ಒಂದು ಕೋಣೆ, ಮನೆ ಸಾಮಾನಿಗೆ ಇನ್ನೊಂದು. ನನಗೆ ಬಹುಮಾನ ಬೇಡ. ಬಟ್ಟಲು ಚಿತ್ರಗಳ ಕೋಣೆಯಲ್ಲಿ ಒಂದು ದಿನ ಇದ್ದರೆ ಸಾಕು. ಆಮೇಲೆ ನನ್ನನ್ನು ಕಲಾವಿದ ಅಲ್ಲ ಎನ್ನಲು ಯಾರಿಗೂ ಬಾಯಿ ಇರುವುದಿಲ್ಲ.

ಬಾಗಿಲಲ್ಲಿದ್ದ ಮೇಷ್ಟ್ರು ಅದನ್ನು ತಿರುಗಿಸಿ ನೋಡಿದರು. "ಇದರಲ್ಲಿ ಎಂತ ಹಾಕುದು?"

"ಎಂತದೂ ಹಾಕುದಿಲ್ಲ. ನೋಡ್ಲಿಕ್ಕೆ ಇರುದು."

"ಎಂತದೂ ಹಾಕದಿದ್ರೆ ಮತ್ತೆ ಹೊಂಡ ಯಾಕೆ ಮಾರಾಯ್ರೆ?"

ಬಟ್ಟಲು ಹೋಗಿ ಮನೆ ಸಾಮಾನಿನ ಕೋಣೆಯಲ್ಲಿ ತೆಂಗಿನಕಾಯಿ ಹೆರೆಯುವ ಮಣೆಯ ಪಕ್ಕ ಕೂತಿತು. ಮೇಷ್ಟ್ರು ಊಟಕ್ಕೆ ಹೋದಾಗ ನಾನೇ ಎತ್ತಿಕೊಂಡು ಹೋಗಿ ಸೂರ್ಯಾಸ್ತದ ಚಿತ್ರವೊಂದರ ಕೆಳಗೆ ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ಪುನಃ ಹೆರೆಮಣೆಯ ಪಕ್ಕ! ಪುನಃ ಸಾಗಿಸಿದೆ. ಮೂರನೆಯ ಸಲ ಹೆರೆಮಣೆಯ ಪಕ್ಕ ನೋಡಿದರೆ ಯಾರೋ ಅದರೊಳಗೆ ವೀಳ್ಯದೆಲೆಯ ತೊಟ್ಟು ಮುರಿದು ಹಾಕಿದ್ದರು. ಥತ್, ಅಳು ಬರುವುದೊಂದು ಬಾಕಿ.

ತೊಟ್ಟು ಹೆಕ್ಕುತ್ತಿದ್ದಾಗ ಒಬ್ಬರು ಮುದುಕರು ಪಕ್ಕಕ್ಕೆ ಬಂದು ನಿಂತರು. ಕುಲಶೇಖರದ ಆಚಾರಿ, ಊರಿನ ಅರ್ಧ ತೊಟ್ಟಿಲುಗಳ ಕಾಲು ಕಡೆದವರು ಅವರೇ. ಕೇಳದೆಯೇ ಬಟ್ಟಲನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಒಳಗೆ ಹೆಬ್ಬೆರಳು ಓಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಉಳಿ ಹಾರಿದೆ. ಅರಗು ತುಂಬಿಸಿ ಮುಚ್ಚಿದ್ದು."

ಅದು ನನಗೊಬ್ಬನಿಗೇ ಗೊತ್ತಿದ್ದ ಜಾಗ. ಇಷ್ಟು ದಿನದಲ್ಲಿ ಬಟ್ಟಲನ್ನು ನಿಜವಾಗಿ ನೋಡಿದವರು ಇವರೊಬ್ಬರೇ.

"ಅಂಚು ಮಾತ್ರ ಲಾಯ್ಕ ಬಂದಿದೆ. ಯಾರು ಕಡೆದದ್ದು?"

ಕಲಾವಿದ ಎನ್ನುವ ಶಬ್ದ ನಾಲಗೆಯ ತುದಿಯವರೆಗೆ ಬಂತು. ಅವರ ಹೆಬ್ಬೆರಳು ಇನ್ನೂ ಆ ಜಾಗದಲ್ಲೇ ಇತ್ತು.

"ನಾನೇ. ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ," ಎಂದೆ.

"ಹೌದಾ? ಗುಮಾಸ್ತರು ಕಡೆದದ್ದಾದ್ರೆ ಅಡ್ಡಿಲ್ಲ," ಎಂದು ಅವರು ಬಟ್ಟಲನ್ನು ಜೋಪಾನವಾಗಿ ಹೆರೆಮಣೆಯ ಪಕ್ಕ ಇಟ್ಟರು.

ಈ ಸಲ ನಾನು ಅದನ್ನು ಅಲ್ಲಿಂದ ಎತ್ತಲಿಲ್ಲ.